ದುಡ್ಡು ಬರುವುದಿಲ್ಲ ಅಂತಲ್ಲ, ನಿಲ್ಲುವುದಿಲ್ಲ

ಪ್ರಶ್ನೆ: ನಾನು ಹುನಗುಂದ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಸದಸ್ಯೆ. ನಮ್ಮೂರಲ್ಲಿ ಸುಮಾರು 300 ಮನೆಗಳಿವೆ. ಮೊದಲು ಓಣಿ ತುಂಬ ಮಗ್ಗದ ಸಪ್ಪಳ ಇತ್ತು. ಈಗ ಬೆರಳೆಣಿಕೆಯಷ್ಟು ಮಗ್ಗ ಉಳಿದಿವೆ. ದೀಪಾವಳಿ ಮುಗಿಯುತ್ತಿದ್ದಂತೆ ಅರ್ಧ ಊರು ಗುಳೆ ಹೋಗುತ್ತದೆ. ಕೆಲವರು ಕಬ್ಬು ಕಡಿಯಲು ಹೋದರೆ, ಕೆಲವರು ಗೋವಾ, ಮಂಗಳೂರು ಕಡೆ ಹೋಗುತ್ತಾರೆ. ಹೆಣ್ಣುಮಕ್ಕಳ ಸಂಘಗಳು ಎಂಟೊಂಬತ್ತು ಇವೆ. ಸಾಲ ತೆಗೆಯುವುದು, ಕಟ್ಟುವುದು ಬಿಟ್ಟರೆ ಅಲ್ಲಿ ಬೇರೆ ಕೆಲಸ ನಡೆಯುವುದಿಲ್ಲ. ಈಗ ಒಂದು ಸಂಸ್ಥೆಯವರು ರೊಟ್ಟಿ ಮಾಡುವ ಮಷೀನು ಕೊಡಿಸುತ್ತೇವೆ, ಈ ತಿಂಗಳೊಳಗೆ ಠರಾವು ಮಾಡಿಕೊಡಿ ಅನ್ನುತ್ತಿದ್ದಾರೆ. ನಮ್ಮೂರಲ್ಲಿ ದುಡ್ಡೇ ಇಲ್ಲ. ಎಲ್ಲಿಂದ ಶುರು ಮಾಡಬೇಕು? ಮಷೀನು ತಗೊಳ್ಳಬೇಕಾ?

ಉತ್ತರ: ತಂಗೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಷೀನಿನ ಮಾತಿಗೆ ಕೊನೆಗೆ ಬರುತ್ತೇನೆ. ಅದಕ್ಕೂ ಮೊದಲು ನೀವು ಬರೆದ ಒಂದು ಸಾಲನ್ನು ಹಿಡಿಯೋಣ. "ನಮ್ಮೂರಲ್ಲಿ ದುಡ್ಡೇ ಇಲ್ಲ." ಈ ಮಾತನ್ನು ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಊರೂರಲ್ಲಿ ಇಪ್ಪತ್ತೈದು ವರ್ಷದಿಂದ ಕೇಳುತ್ತಾ ಬಂದಿದ್ದೇನೆ. ಒಂದೂರಲ್ಲೂ ಅದು ಪೂರ್ತಿ ನಿಜ ಇರಲಿಲ್ಲ. ಗುಳೆ ಹೋದವರು ದುಡ್ಡು ಕಳಿಸುತ್ತಾರೆ. ಮುದುಕರಿಗೆ ಪಿಂಚಣಿ ಬರುತ್ತದೆ. ಗೃಹಲಕ್ಷ್ಮಿಯ 2000 ರೂಪಾಯಿ ಬರುತ್ತದೆ. ಶೇಂಗಾ, ಕಡಲೆ, ಈರುಳ್ಳಿ ಮಾರಿದ ದುಡ್ಡು ಬರುತ್ತದೆ. ಬಂದದ್ದು ಊರೊಳಗೆ ಎರಡು ಕೈ ಬದಲಾಗುವ ಮೊದಲೇ ಹೊರಗೆ ಹೋಗಿಬಿಡುತ್ತದೆ.

ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿ ಹಿನ್ನೀರಿಗೆ ಹೊಲ ಮನೆ ಬಿಟ್ಟುಕೊಟ್ಟವರ ಕೈಗೆ ಪರಿಹಾರದ ದುಡ್ಡು ಬಂತು. ಅಷ್ಟು ದುಡ್ಡನ್ನು ಅವರು ಒಮ್ಮೆಗೇ ಯಾವತ್ತೂ ನೋಡಿರಲಿಲ್ಲ. ನಾನು ಕಂಡ ಎಷ್ಟೋ ಮನೆಗಳಲ್ಲಿ ಅದು ನಾಲ್ಕೈದು ವರ್ಷ ಕೂಡ ಉಳಿಯಲಿಲ್ಲ. ಮದುವೆಗೆ ಹೋಯಿತು, ಗಾಡಿಗೆ ಹೋಯಿತು, ಹಳೇ ಬಡ್ಡಿಗೆ ಹೋಯಿತು. ಅವರು ದಡ್ಡರು ಅಂತ ಇದನ್ನು ಹೇಳುತ್ತಿಲ್ಲ. ಆ ದುಡ್ಡನ್ನು ಊರಲ್ಲೇ ಹಿಡಿದು ತಿರುಗಿಸುವ ಒಂದು ವ್ಯವಸ್ಥೆ ಅಲ್ಲಿರಲಿಲ್ಲ, ಅಷ್ಟೇ.

ಆದ್ದರಿಂದ ಮೊದಲು ಎಣಿಸಿ. ಇದಕ್ಕೆ ಕಾಗದ ಪೆನ್ನು ಬೇಡ. ವಿಜಯಪುರದ ಹತ್ತಿರ ಒಂದು ತಾಂಡಾದಲ್ಲಿ ನಾವು ಹೀಗೆ ಮಾಡಿದ್ದೆವು. ಗುಡಿಯ ಕಟ್ಟೆ ಮುಂದೆ ಹೆಣ್ಣುಮಕ್ಕಳನ್ನು ಕೂರಿಸಿ, ಒಬ್ಬೊಬ್ಬರಿಗೆ ಒಂದು ಹಿಡಿ ಜೋಳ ಕೊಟ್ಟೆವು. ಒಂದು ಕಾಳು ಅಂದರೆ ನೂರು ರೂಪಾಯಿ. ಸುಣ್ಣದಿಂದ ನೆಲದ ಮೇಲೆ ಒಂದು ದೊಡ್ಡ ಸುತ್ತು ಎಳೆದೆವು. ಅದು ಊರು. ಹೋದ ತಿಂಗಳು ಖರ್ಚು ಮಾಡಿದ ದುಡ್ಡನ್ನು ಕಾಳಿನಲ್ಲಿ ಇಡಿ, ಊರೊಳಗಿನವರಿಗೆ ಕೊಟ್ಟಿದ್ದರೆ ಸುತ್ತಿನ ಒಳಗೆ, ಹೊರಗಿನವರಿಗೆ ಕೊಟ್ಟಿದ್ದರೆ ಹೊರಗೆ ಅಂತ ಹೇಳಿದೆವು. ಅರ್ಧ ತಾಸಿನಲ್ಲಿ ಸುತ್ತಿನ ಒಳಗೆ ಹತ್ತಿಪ್ಪತ್ತು ಕಾಳು, ಹೊರಗೆ ರಾಶಿ. ಒಬ್ಬ ಅಜ್ಜಿ ಎದ್ದು ಬಂದು ಹೊರಗಿನ ರಾಶಿಯನ್ನು ಕೈಯಿಂದ ಎರಡು ಪಾಲು ಮಾಡಿದರು. "ಇದು ಬಡ್ಡಿ, ಇದು ಎಣ್ಣಿ," ಅಂದರು. "ಶೇಂಗಾ ನಾವs ಬೆಳಿತೀವಿ, ಎಣ್ಣಿ ಪಾಕೀಟು ಪ್ಯಾಟಿಂದ ತರತೀವಿ." ಯಾವ ಅಧಿಕಾರಿಯೂ ಅಷ್ಟು ಚೊಕ್ಕಟವಾಗಿ ಆ ಊರಿನ ಕಥೆ ಹೇಳಿರಲಿಲ್ಲ.

ಎಣ್ಣೆಗೆ ಗಾಣ ಹಾಕಬಹುದು, ಅದು ಮುಂದಿನ ಮಾತು. ಬಡ್ಡಿಯನ್ನು ಮೊದಲು ನೋಡಿ. ನಮ್ಮ ಕಡೆ ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಐದು ಅನ್ನುವುದು ಹೊಸದೇನಲ್ಲ. 20,000 ರೂಪಾಯಿ ಸಾಲ ತೆಗೆದವರು ತಿಂಗಳಿಗೆ 1000, ವರ್ಷಕ್ಕೆ 12,000 ಬಡ್ಡಿ ಕಟ್ಟುತ್ತಾರೆ. ಅಸಲು ಹಾಗೇ ಇರುತ್ತದೆ. ನಿಮ್ಮ 300 ಮನೆಗಳಲ್ಲಿ 100 ಮನೆಗೆ ಇಂಥ ಸಾಲ ಇದೆ ಅಂದುಕೊಳ್ಳಿ. ವರ್ಷಕ್ಕೆ 12 ಲಕ್ಷ ರೂಪಾಯಿ ಬಡ್ಡಿಗೇ ಹೋಯಿತು. ಅದೇ ಸಾಲ ಸಂಘದಿಂದ ನೂರಕ್ಕೆ ಎರಡರಂತೆ ಸಿಕ್ಕಿದ್ದರೆ ಒಂದು ಮನೆಗೆ ವರ್ಷಕ್ಕೆ 4800. ಆ 4800 ಕೂಡ ಸಂಘದ ಪೆಟ್ಟಿಗೆಯಲ್ಲೇ ಉಳಿಯುತ್ತದೆ, ವರ್ಷದ ಕೊನೆಗೆ ಸದಸ್ಯರದ್ದೇ ಆಗುತ್ತದೆ. ಒಂದು ಮಷೀನೂ ಇಲ್ಲದೆ, ಒಂದು ಕಟ್ಟಡವೂ ಇಲ್ಲದೆ ಊರಿನ ಆದಾಯ ಹೆಚ್ಚಾದಂತೆ ಅಲ್ವಾ?

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಕಡೆ ಎಲ್ಲದಕ್ಕೂ "ಸಂಘ" ಅಂತಲೇ ಅನ್ನುತ್ತಾರೆ. ಮೈಕ್ರೋಫೈನಾನ್ಸ್ ಕಂಪನಿಯವರು ವಾರಕ್ಕೊಮ್ಮೆ ಬಂದು ಕಂತು ವಸೂಲಿ ಮಾಡುವ ಗುಂಪೂ ಸಂಘವೇ, ಹೆಣ್ಣುಮಕ್ಕಳು ತಾವೇ ಉಳಿತಾಯ ಮಾಡಿ ತಮ್ಮೊಳಗೆ ಸಾಲ ಕೊಟ್ಟುಕೊಳ್ಳುವ ಗುಂಪೂ ಸಂಘವೇ. ಹೆಸರು ಒಂದೇ ಆದರೂ ಎರಡರ ದಾರಿ ಬೇರೆ ಬೇರೆ. ಮೊದಲನೆಯದರಲ್ಲಿ ದುಡ್ಡು ಕಂಪನಿಯದು, ಬಡ್ಡಿಯೂ ಕಂಪನಿಗೆ. ಎರಡನೆಯದರಲ್ಲಿ ದುಡ್ಡು ನಿಮ್ಮದು, ಬಡ್ಡಿಯೂ ನಿಮ್ಮದು. ವಸೂಲಿಯ ಕಿರುಕುಳ ಎಲ್ಲಿಗೆ ಮುಟ್ಟಿತು ಅಂದರೆ, 2025ರಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ನಿಮ್ಮೂರಿನ ಎಂಟೊಂಬತ್ತು ಸಂಘಗಳಲ್ಲಿ ಯಾವುದು ಯಾವ ಬಗೆಯದು? ಇದನ್ನು ನೀವೇ ಮನೆ ಮನೆಗೆ ಹೋಗಿ ಕೇಳಿ. ಒಬ್ಬಳೇ ಹೆಣ್ಣುಮಗಳು ಮೂರು ನಾಲ್ಕು "ಸಂಘ"ದಲ್ಲಿ ಇರುವುದೂ ಗೊತ್ತಾಗುತ್ತದೆ. ಒಂದರ ಕಂತು ಕಟ್ಟಲು ಇನ್ನೊಂದರಲ್ಲಿ ಸಾಲ ತೆಗೆದಿರುತ್ತಾಳೆ.

ಸಾಲ ಕೊಟ್ಟರೆ ಬಡತನ ಹೋಗುತ್ತದೆ ಅನ್ನುವ ನಂಬಿಕೆ ಒಂದು ಕಾಲಕ್ಕೆ ಜಗತ್ತಿನ ತುಂಬ ಇತ್ತು. ಭಾರತ, ಇಥಿಯೋಪಿಯಾ, ಮೆಕ್ಸಿಕೋ, ಮೊರಾಕ್ಕೋ, ಮಂಗೋಲಿಯಾ, ಬೋಸ್ನಿಯಾ ಹೀಗೆ ಆರು ದೇಶಗಳಲ್ಲಿ ಇದನ್ನು ಪರೀಕ್ಷೆ ಮಾಡಿದ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದವು. ಸಣ್ಣ ಸಾಲದಿಂದ ಕೆಲವರಿಗೆ ಅನುಕೂಲ ಆಗಿತ್ತು, ಆದರೆ ಬಡವರ ಆದಾಯ ದೊಡ್ಡದಾಗಿ ಬದಲಾಗಿರಲಿಲ್ಲ. ನಮ್ಮ ಅನುಭವವೂ ಅದೇ. ಸಾಲ ಒಂದು ಸಾಧನ. ಅದನ್ನು ಯಾರು ಹಿಡಿದಿದ್ದಾರೆ, ಯಾವ ಕೆಲಸಕ್ಕೆ ಹಿಡಿದಿದ್ದಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಇದು ನಮಗೆ ಹೊರಗಿನಿಂದ ಬಂದ ವಿದ್ಯೆ ಏನಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ, 1905ರಲ್ಲಿ. ಕಟ್ಟಿದವರು ಅದೇ ಊರಿನ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಎಂಬತ್ತರ ದಶಕದಲ್ಲಿ ಮೈರಾಡ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಸಣ್ಣ ಸಣ್ಣ ಸ್ವಸಹಾಯ ಗುಂಪು ಕಟ್ಟಿತು. ಅದನ್ನು ನೋಡಿ ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1992ರಲ್ಲಿ 500 ಗುಂಪುಗಳಿಗೆ ಬ್ಯಾಂಕಿನ ನಂಟು ಹಾಕುವ ಪ್ರಯೋಗ ಶುರು ಮಾಡಿತು. ಆಮೇಲೆ ಹೆಣ್ಣುಮಕ್ಕಳ ಸಂಘಗಳಿಗೆ ಅಂತ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು, ಸಂಜೀವಿನಿ ಯೋಜನೆ ಬಂತು. ಸಂಜೀವಿನಿ ಸಂಘಗಳಲ್ಲಿ ಪಂಚಸೂತ್ರ ಅಂತ ಹೇಳಿಕೊಡುತ್ತಾರೆ: ವಾರದ ಸಭೆ, ವಾರದ ಉಳಿತಾಯ, ಒಳಸಾಲ, ಹೊತ್ತಿಗೆ ಸರಿಯಾಗಿ ಮರುಪಾವತಿ, ಲೆಕ್ಕದ ಪುಸ್ತಕ. ಐದನ್ನೂ ಗೋಡೆ ಮೇಲೆ ಬರೆದಿರುತ್ತಾರೆ. ಐದನೆಯದು ಕೆಟ್ಟರೆ ಉಳಿದ ನಾಲ್ಕೂ ಕೆಟ್ಟ ಹಾಗೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಬೆಳಗಾವಿ ಜಿಲ್ಲೆಯ ಒಂದು ಊರಲ್ಲಿ ನಾವು ಕಟ್ಟಿದ ಸಂಘ ಆರು ವರ್ಷ ಚೆನ್ನಾಗಿ ನಡೆಯಿತು, ಅಂತ ನಾವು ತಿಳಿದಿದ್ದೆವು. ಪುಸ್ತಕ ಬರೆಯುವವರು ಒಬ್ಬರೇ, ಪುಸ್ತಕ ಇರುವುದೂ ಅವರ ಮನೆಯಲ್ಲೇ. ಒಂದು ದಿನ ಬ್ಯಾಂಕಿನಿಂದ ನೋಟಿಸು ಬಂದಾಗ ಮೂವರು ಹೆಣ್ಣುಮಕ್ಕಳಿಗೆ ತಮ್ಮ ಹೆಸರಲ್ಲಿ ಸಾಲ ಇದೆ ಅನ್ನುವುದೇ ಮೊದಲ ಸಲ ಗೊತ್ತಾಯಿತು. ಅವರಿಗೆ ಓದು ಬರುತ್ತಿರಲಿಲ್ಲ, ಹೆಬ್ಬೆಟ್ಟು ಹಾಕಿದ್ದರು. ಆ ಮೂವರಲ್ಲಿ ಒಬ್ಬಾಕೆ ನನ್ನ ಮುಂದೆ ಪುಸ್ತಕ ಇಟ್ಟು, "ಯವ್ವಾ, ಇದ್ರಾಗ ನನ್ನ ಹೆಸರು ಎಲ್ಲೈತಿ ತೋರಸ್ರಿ," ಅಂದಳು. ಆರು ವರ್ಷ ವಾರ ವಾರ ದುಡ್ಡು ಕಟ್ಟಿದವಳು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಸಂಘಗಳಲ್ಲಿ ಕ್ರಮವೇ ಬದಲಾಯಿತು. ಪ್ರತಿಯೊಬ್ಬರ ಪಾಸ್‌ಪುಸ್ತಕದ ಮೇಲೆ, ದೊಡ್ಡ ಪುಸ್ತಕದ ಅವರ ಪುಟದ ಮೇಲೆ ಒಂದೇ ಚಿತ್ರ ಅಂಟಿಸಿದೆವು. ಒಬ್ಬರಿಗೆ ಆಡು, ಒಬ್ಬರಿಗೆ ಬಿಂದಿಗೆ, ಒಬ್ಬರಿಗೆ ಸೂರ್ಯ. ಓದು ಬರದಿದ್ದರೂ ತನ್ನ ಪುಟ ಯಾವುದು ಅಂತ ಪ್ರತಿಯೊಬ್ಬರಿಗೂ ಗೊತ್ತಾಯಿತು. ಸಭೆಯ ಕೊನೆಗೆ ಆ ವಾರದ ಲೆಕ್ಕವನ್ನು ಗಟ್ಟಿಯಾಗಿ ಓದಬೇಕು, ಮೂವರು ಬಾಯಲ್ಲಿ ತಿರುಗಿ ಹೇಳಬೇಕು. ಪುಸ್ತಕ ಒಬ್ಬರ ಮನೆಯಲ್ಲಿ, ಪೆಟ್ಟಿಗೆ ಇನ್ನೊಬ್ಬರ ಮನೆಯಲ್ಲಿ, ಬೀಗದ ಕೈ ಮತ್ತೊಬ್ಬರ ಮನೆಯಲ್ಲಿ. ಮೊದಮೊದಲು ಹೊತ್ತು ಜಾಸ್ತಿ ಹಿಡಿಯಿತು. ಅಡುಗೆ ಬಿಟ್ಟು ಬಂದವರು ಗೊಣಗಿದರು. ಮೂರು ತಿಂಗಳಲ್ಲಿ ಲೆಕ್ಕ ತಪ್ಪಿದರೆ ಹಿಂದೆ ಕೂತ ಮುದುಕಿಯೇ ಕೂಗಿ ಹೇಳುವ ಹಾಗೆ ಆಯಿತು. ನಿಮ್ಮೂರಲ್ಲಿ ಒಂದೇ ಒಂದು ಕೆಲಸ ಮಾಡಲು ಆಗುವುದಾದರೆ ಇದನ್ನು ಮಾಡಿ.

ಹೀಗೆ ತಮ್ಮ ಲೆಕ್ಕ ತಮ್ಮ ಕೈಯಲ್ಲಿ ಹಿಡಿದವರು ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಘಟಪ್ರಭಾಕ್ಕೆ ಒಮ್ಮೆ ಹೋಗಿ ಬನ್ನಿ. ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಅಂತ ಇದೆ, ಜನ ಮಾಸ್ ಅನ್ನುತ್ತಾರೆ. ಬೆಳಗಾವಿ ಜಿಲ್ಲೆಯಲ್ಲಿ ದೇವದಾಸಿ ಪದ್ಧತಿಗೆ ಸಿಕ್ಕಿ, ಅದರಿಂದ ಹೊರಗೆ ಬಂದ ಹೆಣ್ಣುಮಕ್ಕಳೇ 1997ರಲ್ಲಿ ಕಟ್ಟಿದ ಸಂಸ್ಥೆ ಅದು. ಮೈರಾಡದವರು ಬೆನ್ನಿಗೆ ನಿಂತರು, ಆದರೆ ನಡೆಸಿದವರು ಇವರೇ. 1982ರ ಕಾಯ್ದೆ ಹೆಣ್ಣುಮಕ್ಕಳನ್ನು ದೇವದಾಸಿ ಮಾಡುವುದನ್ನು ಅಪರಾಧ ಅಂದಿತು. ಕಾಯ್ದೆಯಿಂದ ಊಟ ಬರುವುದಿಲ್ಲವಲ್ಲ. ಸಂಘ ಕಟ್ಟಿ, ಉಳಿತಾಯ ಮಾಡಿ, ಎಮ್ಮೆ ಆಡು ಸಾಕಿ, ಮಕ್ಕಳನ್ನು ಶಾಲೆಗೆ ಕಳಿಸಿ, ಇನ್ನೊಂದು ಹುಡುಗಿಗೆ ಮುತ್ತು ಕಟ್ಟಿ ದೇವದಾಸಿ ಮಾಡದ ಹಾಗೆ ಮನೆ ಮನೆಗೆ ಹೋಗಿ ತಡೆದವರು ಇವರು. ಅದರ ಮುಂದಾಳು ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಪ್ರಶಸ್ತಿಗಿಂತ ನನಗೆ ದೊಡ್ಡದು ಅನಿಸುವುದು ಇನ್ನೊಂದು. ಊರು ಯಾರನ್ನು ತೀರಾ ಕೆಳಗೆ ಕೂರಿಸಿತ್ತೋ ಅವರೇ ಒಂದು ಸಂಸ್ಥೆಯ ಯಜಮಾನಿಯರಾದರು.

ಈಗ ಮಗ್ಗದ ವಿಷಯ. ನಿಮ್ಮೂರು ಇಳಕಲ್ಲಿಗೆ ಹತ್ತಿರ, ಹಾಗಾಗಿ ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಹೂಡುವ ನೂಲು) ಬೇರೆ, ಒಡಲಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ತೋಪು ತೆನಿ ಅನ್ನುವ ವಿನ್ಯಾಸದ ಸೆರಗು ನೇಯುವ ಮೊದಲೇ ಎಷ್ಟು ಕೆಲಸ ಆಗಿರುತ್ತದೆ ನೋಡಿ: ನೂಲಿನ ಲಡಿ ಬಿಡಿಸುವುದು, ಬಣ್ಣ ಹಾಕುವುದು, ಹಾಸು ಹೂಡುವುದು, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವುದು. ಇದರಲ್ಲಿ ಬಹುಪಾಲು ಕೆಲಸ ಮನೆಯ ಹೆಣ್ಣುಮಕ್ಕಳದ್ದು. ಮಜೂರಿ ಬರುವುದು ಮಾತ್ರ ಸೀರೆ ಲೆಕ್ಕದಲ್ಲಿ, ಮಗ್ಗದಲ್ಲಿ ಕೂತವರ ಹೆಸರಲ್ಲಿ. ನೂಲು ಸಾವುಕಾರರದ್ದು, ವಿನ್ಯಾಸ ಸಾವುಕಾರರದ್ದು, ಮುಂಗಡವೂ ಅವರದ್ದೇ. ಹಾಗಾಗಿ ಪೇಟೆಯಲ್ಲಿ ಸೀರೆಯ ದರ ಏರಿದರೂ ನೇಕಾರರ ಮಜೂರಿ ಅಷ್ಟು ಸಲೀಸಾಗಿ ಏರುವುದಿಲ್ಲ.

ಇಳಕಲ್ ಸೀರೆಗೆ ಜಿಐ ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಕುಪ್ಪಸದ ಬಟ್ಟೆಯಾದ ಗುಳೇದಗುಡ್ಡದ ಖಣಕ್ಕೂ ಇದೆ. ಸಂತೋಷದ ವಿಷಯ. ಆದರೆ ಮಾನ್ಯತೆ ಊರಿನ ಹೆಸರಿಗೆ ಬಂದರೆ ನೇಕಾರರ ಮನೆಗೆ ತಾನಾಗಿ ಏನೂ ಬರುವುದಿಲ್ಲ. ಒಬ್ಬೊಬ್ಬ ನೇಕಾರರೂ ಅಧಿಕೃತ ಬಳಕೆದಾರರು ಅಂತ ನೋಂದಣಿ ಮಾಡಿಸಬೇಕು. ನಿಮ್ಮೂರಲ್ಲಿ ಉಳಿದಿರುವ ಮಗ್ಗದವರಲ್ಲಿ ಎಷ್ಟು ಮಂದಿ ಮಾಡಿಸಿದ್ದಾರೆ ಕೇಳಿ. ಪಂಚಾಯಿತಿ ಸದಸ್ಯೆಯಾಗಿ ಇದು ನೀವು ಒಂದು ವಾರದಲ್ಲಿ ಮಾಡಬಹುದಾದ ಸಹಾಯ. ಅದರ ಜೊತೆ ಇದು ಕೈಮಗ್ಗದ್ದೇ ಅಂತ ತೋರಿಸುವ ಹ್ಯಾಂಡ್‌ಲೂಮ್ ಮಾರ್ಕ್ ಕೂಡ ಇದ್ದರೆ, ಪವರ್‌ಲೂಮಿನಲ್ಲಿ ನೇಯ್ದು "ಇಳಕಲ್" ಅಂತ ಮಾರುವ ಸೀರೆಯಿಂದ ನಿಮ್ಮದನ್ನು ಬೇರೆ ಮಾಡಿ ತೋರಿಸಬಹುದು.

ಮಗ್ಗ ಬಿಟ್ಟವರನ್ನೆಲ್ಲ ವಾಪಸ್ ಮಗ್ಗಕ್ಕೆ ಕೂರಿಸುತ್ತೇವೆ ಅಂತ ಹೊರಡಬೇಡಿ. ಗೋವಾದಲ್ಲಿ ಒಂದು ದಿನಕ್ಕೆ ಸಿಗುವ ಕೂಲಿ ಕುಣಿಮಗ್ಗದಲ್ಲಿ ಸಿಗದಿದ್ದರೆ ಯಾವ ಹುಡುಗನೂ ಕೂರುವುದಿಲ್ಲ, ಕೂರು ಅನ್ನುವ ಹಕ್ಕೂ ನಮಗಿಲ್ಲ. ಉಳಿದ ಹತ್ತು ಹದಿನೈದು ಮಗ್ಗದವರ ಮಜೂರಿಯನ್ನು ಮೊದಲು ಎತ್ತಿ. ಅವರೆಲ್ಲ ಸೇರಿ ನೂಲನ್ನು ಒಟ್ಟಿಗೆ ಕೊಂಡರೆ ಚಿಲ್ಲರೆ ದರ ತಪ್ಪುತ್ತದೆ. ಸಾವುಕಾರರ ಮುಂಗಡ ತೀರಿಸಲು ಸಂಘದಿಂದ ಸಾಲ ಕೊಟ್ಟರೆ, ತಿಂಗಳಿಗೆ ಎರಡು ಸೀರೆಯನ್ನಾದರೂ ತಾವೇ ಮಾರುವ ಸ್ವಾತಂತ್ರ್ಯ ಬರುತ್ತದೆ. ಸಾವುಕಾರರನ್ನು ಪೂರ್ತಿ ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಸೀರೆ ಮಾರಾಟ ಆಗದ ತಿಂಗಳಲ್ಲೂ ನೂಲು ಕೊಡುವವರು ಅವರೇ. ಹತ್ತರಲ್ಲಿ ಎರಡು ಸೀರೆ ನಿಮ್ಮದೇ ದಾರಿಯಲ್ಲಿ ಹೋಗಲಿ, ವರ್ಷ ಬಿಟ್ಟು ನೋಡಿ ಮೂರು ಮಾಡಿ. ಕಂಡಿಕೆ ಸುತ್ತುವವರ ಕೂಲಿಯನ್ನು ಲೆಕ್ಕದಲ್ಲಿ ಬೇರೆ ಬರೆಯಿರಿ. ಅದು ಬರೆದ ದಿನ ಮನೆಯೊಳಗೆ ಮಾತೇ ಬದಲಾಗುತ್ತದೆ, ನಾನು ನೋಡಿದ್ದೇನೆ.

ಗುಳೆಯ ಬಗ್ಗೆಯೂ ಒಂದು ಮಾತು. ಗುಳೆ ನಿಲ್ಲಿಸುವುದು ಕಾರ್ಯಕ್ರಮದ ಗುರಿ ಆಗಬಾರದು, ಗುಳೆ ಹೋಗಲೇಬೇಕಾದ ದರ್ದು ಕಡಿಮೆ ಆಗಬೇಕು. ಕಬ್ಬಿನ ಗ್ಯಾಂಗಿಗೆ ಹೋಗುವವರು ಮಳೆಗಾಲದಲ್ಲೇ ಕೂಲಿಯವರನ್ನು ಕರೆದೊಯ್ಯುವ ಮುಕಾದಮನ ಹತ್ತಿರ ಮುಂಗಡ ತೆಗೆದಿರುತ್ತಾರೆ. ಒಂದು ಜೋಡಿಗೆ ಇಷ್ಟು ಅಂತ. ಆ ದುಡ್ಡು ಆಸ್ಪತ್ರೆಗೋ ಬಿತ್ತನೆಗೋ ಹೋಗಿರುತ್ತದೆ. ಆಮೇಲೆ ಹೊಟ್ಟೆಯಲ್ಲಿ ಕೂಸಿದ್ದರೂ ಕಬ್ಬು ಕಡಿಯುವ ಕೊಯ್ತ ಹಿಡಿಯಲೇಬೇಕು. ಆ ಜೂನ್, ಜುಲೈ ತಿಂಗಳಲ್ಲಿ ಸಂಘದಿಂದ ಹತ್ತು ಸಾವಿರ ಸಿಕ್ಕಿದ್ದರೆ ಆ ಹೆಣ್ಣುಮಗಳು ಹೋಗುವುದಾ ಬೇಡವಾ ಅಂತ ತಾನೇ ತೀರ್ಮಾನ ಮಾಡಬಹುದಿತ್ತು. ಆದ್ದರಿಂದ ಸಂಘದ ದುಡ್ಡನ್ನು ಮಳೆಗಾಲಕ್ಕೆ ಉಳಿಸಿಡಿ. ದಸರೆ ದೀಪಾವಳಿಗೆ ಹಂಚಿ ಮುಗಿಸಬೇಡಿ.

ಊರಲ್ಲೇ ಕೂಲಿ ಕೆಲಸ ಕೇಳುವುದಕ್ಕೂ ಸಂಘಟನೆ ಬೇಕು. 2005ರ ಉದ್ಯೋಗ ಖಾತ್ರಿ ಕಾಯ್ದೆಯಡಿ ಖಾನಾಪುರ ಕಡೆಯ ಹೆಣ್ಣುಮಕ್ಕಳು ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆ ಕಟ್ಟಿಕೊಂಡು ಹೇಗೆ ಕೆಲಸ ಪಡೆದರು ಅನ್ನುವುದು ಕಲಿಯುವಂಥದ್ದು. ಒಬ್ಬೊಬ್ಬರೇ ಹೋಗಿ ಕೇಳಿದರೆ "ನೋಡೋಣ" ಅನ್ನುತ್ತಾರೆ. ಗುಂಪಾಗಿ ನಮೂನೆ 6ರಲ್ಲಿ ಅರ್ಜಿ ಕೊಟ್ಟು, ತಾರೀಖು ಹಾಕಿದ ರಸೀದಿ ಪಡೆದರೆ ಕೆಲಸ ಕೊಡಲೇಬೇಕು, 15 ದಿನದೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ ಅಂತ ಕಾಯ್ದೆಯಲ್ಲೇ ಇತ್ತು. ಯೋಜನೆಯ ಹೆಸರು, ನಿಯಮ ಕಾಲಕ್ಕೆ ತಕ್ಕಂತೆ ಬದಲಾಗಬಹುದು. ರಸೀದಿ ಕೇಳುವ ಅಭ್ಯಾಸ ಬಿಡಬೇಡಿ. ಈಗ ನೀವೇ ಪಂಚಾಯಿತಿ ಒಳಗೆ ಕೂತಿದ್ದೀರಿ, ರಸೀದಿ ಕೊಡಿಸುವುದು ನಿಮ್ಮ ಕೈಯಲ್ಲೇ ಇದೆ.

ಇನ್ನೊಂದು ವಿಷಯ ಮರೆಯುವಂತಿಲ್ಲ. ಸಂಘದಲ್ಲಿ ತೀರಾ ಬಡವರು ಇರುವುದಿಲ್ಲ. ವಾರಕ್ಕೆ 50 ರೂಪಾಯಿ ಕಟ್ಟಲು ಆಗದ ವಿಧವೆ, ಗಂಡ ಬಿಟ್ಟವಳು, ಅಂಗವಿಕಲ ಮಗನನ್ನು ಸಾಕುವವಳು ಮೊದಲೇ ಹೊರಗೆ ಉಳಿದಿರುತ್ತಾರೆ. ಅವರಿಗೆ ಸಾಲ ಕೊಡುವುದೂ ತಪ್ಪು. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲಿ ಇವರಿಗೋಸ್ಕರವೇ ಬೇರೆ ದಾರಿ ಹುಡುಕಿತು. ಸಾಲ ಇಲ್ಲದೆ ಎರಡು ಮೂರು ಆಡು ಅಥವಾ ಒಂದು ಆಕಳು ಕೊಡುವುದು, ಅದು ಕೈಗೆ ಹತ್ತುವ ತನಕ ಊಟಕ್ಕೆ ಒಂದಿಷ್ಟು ದುಡ್ಡು ಕೊಡುವುದು, ಸಾಕುವುದನ್ನು ಕಲಿಸುವುದು, ಎರಡು ವರ್ಷ ವಾರ ವಾರ ಮನೆಗೆ ಹೋಗಿ ಮಾತಾಡಿಸುವುದು. ಭಾರತವೂ ಸೇರಿದಂತೆ ಆರು ದೇಶಗಳಲ್ಲಿ ಇದನ್ನು ಪರೀಕ್ಷಿಸಿದಾಗ, ಸಹಾಯ ನಿಂತು ಒಂದು ವರ್ಷ ಆದ ಮೇಲೂ ಆ ಮನೆಗಳ ಸ್ಥಿತಿ ಮೊದಲಿಗಿಂತ ಉತ್ತಮವಾಗಿಯೇ ಇತ್ತು. ನಿಮ್ಮೂರಲ್ಲಿ ಇಂಥ ಮನೆ ಹತ್ತೋ ಹದಿನೈದೋ ಇರಬಹುದು. ನಿಮ್ಮ ಸಂಘಗಳ ಒಕ್ಕೂಟ ವರ್ಷಕ್ಕೆ ಎರಡು ಮನೆಗೆ ಆಡು ಕೊಟ್ಟರೂ ಸಾಕು. ವಾರ ವಾರ ಹೋಗಿ ಮಾತಾಡಿಸುವವರು ಯಾರು ಅಂತ ಮೊದಲೇ ಹೆಸರು ಬರೆದಿಡಿ. ಆಡು ಕೊಡುವುದಕ್ಕಿಂತ ಅದು ಕಷ್ಟದ ಕೆಲಸ.

ಈಗ ರೊಟ್ಟಿಗೆ ಬರೋಣ. ನಮ್ಮ ಕಡೆಯ ಕಡಕ್ ರೊಟ್ಟಿಗೆ ಗಿರಾಕಿ ಇದ್ದಾರೆ, ಅದು ಒಳ್ಳೆಯ ಯೋಚನೆಯೇ. ಹುಬ್ಬಳ್ಳಿ, ಬೆಂಗಳೂರಿನ ಖಾನಾವಳಿಗಳಿಗೆ ಕಟ್ಟು ಕಟ್ಟು ರೊಟ್ಟಿ ದಿನಾ ಹೋಗುತ್ತದೆ. ಆದರೆ ಲೆಕ್ಕ ಹಾಕಿ. ಒಂದು ಕಿಲೋ ಜೋಳಕ್ಕೆ ಸುಮಾರು 20 ರೊಟ್ಟಿ ಅಂದುಕೊಳ್ಳಿ. ಜೋಳ 50, ಬೀಸಿಸಲು 6, ಉರುವಲು ಅಥವಾ ಗ್ಯಾಸು 14, ಕವರು 6, ಸಾಗಣೆ 6. ಒಟ್ಟು 82 ರೂಪಾಯಿ. ಇಪ್ಪತ್ತರಲ್ಲಿ ಎರಡು ಮುರಿಯುತ್ತವೆ. ಉಳಿದ 18 ರೊಟ್ಟಿಯನ್ನು ಆರು ರೂಪಾಯಿಯಂತೆ ಮಾರಿದರೆ 108. ಉಳಿಯುವುದು 26. ಅಷ್ಟು ರೊಟ್ಟಿ ಬಡಿದು, ಬೇಯಿಸಿ, ಒಣಗಿಸಿ ಕಟ್ಟಲು ಒಬ್ಬಾಕೆಗೆ ಒಂದು ತಾಸು ಬೇಕು. ಹೊಲದ ಕೂಲಿಗೆ ಹೋದರೂ ಇದಕ್ಕಿಂತ ಜಾಸ್ತಿ ಸಿಗುತ್ತದೆ. ಅದೇ ಏಳು ರೂಪಾಯಿಗೆ ಮಾರಿದರೆ 126 ಬರುತ್ತದೆ, ಉಳಿಯುವುದು 44. ಒಂದೇ ಒಂದು ರೂಪಾಯಿಯಲ್ಲಿ ಇಡೀ ಕೆಲಸದ ಹಣೆಬರಹ ಇದೆ. ಈ ದರಗಳು ಉದಾಹರಣೆಗೆ ಅಷ್ಟೇ, ನಿಮ್ಮೂರಿನ ದರ ಹಾಕಿ ನೋಡಿ.

ಹಾಗಾಗಿ ಹುಡುಕಬೇಕಾದದ್ದು ಏಳು ರೂಪಾಯಿ ಕೊಡುವ ಗಿರಾಕಿಯನ್ನು. ಅವರು ಸಿಕ್ಕಿದ ಮೇಲೆ ಹಂಚು ಸಾಲದು ಅನಿಸಿದರೆ ಮಷೀನು. ನಾವು ಇದನ್ನು ತಿರುಗಾ ಮುರುಗಾ ಮಾಡಿ ಕೈ ಸುಟ್ಟುಕೊಂಡಿದ್ದೇವೆ. ಸುಮಾರು ಹತ್ತು ವರ್ಷದ ಹಿಂದೆ ಒಂದು ಊರಿಗೆ ನಾನೇ ಓಡಾಡಿ ಮಷೀನು ತರಿಸಿದೆ. ಪೂಜೆ ಆಯಿತು, ಫೋಟೋ ಆಯಿತು. ಮಷೀನಿಗೆ ತ್ರೀ ಫೇಸ್ ಕರೆಂಟು ಬೇಕಿತ್ತು, ಊರಿಗೆ ದಿನಕ್ಕೆ ಕೆಲವೇ ತಾಸು ಬರುತ್ತಿತ್ತು. ರೊಟ್ಟಿಯ ಅಂಚು ಸೀಳುತ್ತಿತ್ತು. ರಿಪೇರಿಗೆ ಬರುವವರು ಪುಣೆಯಿಂದ ಬರಬೇಕು. ಎಂಟು ತಿಂಗಳಾದ ಮೇಲೆ ಹೋದಾಗ ಅದರ ಮೇಲೆ ಗೋಣಿಚೀಲ ಹಾಸಿ ಹೊಟ್ಟಿನ ಮೂಟೆ ಇಟ್ಟಿದ್ದರು. ಪಕ್ಕದ ಓಣಿಯಲ್ಲಿ ಇಬ್ಬರು ಅಕ್ಕತಂಗಿಯರು ಮೂರು ಕಲ್ಲಿನ ಒಲೆ, ಎರಡು ಹಂಚಿನ ಮೇಲೆ ರೊಟ್ಟಿ ಮಾಡಿ ದಿನಾ ಬಸ್ಸಿಗೆ ಹಾಕಿ ಖಾನಾವಳಿಗೆ ಕಳಿಸುತ್ತಿದ್ದರು. ಅವರನ್ನು ನಾನು ಮೊದಲೇ ಕೇಳಬೇಕಿತ್ತು. ಕೇಳಿರಲಿಲ್ಲ.

ಉತ್ಪಾದಕರ ಕಂಪನಿ ಮಾಡೋಣವಾ, ಸಹಕಾರ ಸಂಘ ಮಾಡೋಣವಾ ಅಂತ ಯಾರಾದರೂ ಈಗಲೇ ಕೇಳಿದರೆ ತಡೆಯಿರಿ ಅನ್ನಿ. ಹತ್ತು ಜನ ಉತ್ಪಾದಕರಿದ್ದರೆ ಕಂಪನಿ ನೋಂದಣಿ ಆಗುತ್ತದೆ. ಕೇಂದ್ರದ 2020ರ ಎಫ್‌ಪಿಒ (ರೈತ ಉತ್ಪಾದಕರ ಸಂಸ್ಥೆ) ಯೋಜನೆಯಲ್ಲಿ ಬಯಲು ಸೀಮೆಗೆ 300 ಸದಸ್ಯರು ಬೇಕಿತ್ತು, ಮೂರು ವರ್ಷಕ್ಕೆ 18 ಲಕ್ಷದ ತನಕ ನಿರ್ವಹಣೆಯ ನೆರವು ಇತ್ತು. ನೆರವು ನಿಂತ ನಾಲ್ಕನೇ ವರ್ಷಕ್ಕೆ ಬಾಗಿಲು ಹಾಕಿದ ಕಂಪನಿಗಳನ್ನು ನೋಡಿದ್ದೇನೆ. ಹಾಲಿನ ಸಂಘ ಯಾಕೆ ನಿಂತಿದೆ ಯೋಚಿಸಿ. ಬೆಳಿಗ್ಗೆ ಸಂಜೆ ಹಾಲು ಹಾಕುತ್ತೀರಿ, ಕಣ್ಣೆದುರಿಗೇ ಫ್ಯಾಟ್ ನೋಡುತ್ತಾರೆ, ಗೊತ್ತಾದ ದಿನ ಬಟವಾಡೆ ಆಗುತ್ತದೆ. ನಂಬಿಕೆ ದಿನಕ್ಕೆ ಎರಡು ಸಲ ಗಟ್ಟಿಯಾಗುತ್ತದೆ. ನಿಮ್ಮ ಕೆಲಸ ಏನೇ ಇರಲಿ, ಆ ತೂಕ ಮತ್ತು ಆ ಬಟವಾಡೆ ಅಷ್ಟೇ ಸ್ಪಷ್ಟವಾಗಿರಲಿ.

ಸ್ಪೇನ್ ದೇಶದ ಬಾಸ್ಕ್ ಸೀಮೆಯಲ್ಲಿ ಮೊಂಡ್ರಾಗಾನ್ ಅಂತ ಒಂದು ಸಣ್ಣ ಊರು. ಯುದ್ಧದಲ್ಲಿ ಸೋತು ಸೊರಗಿದ ಸೀಮೆ ಅದು. ಇವತ್ತು ಕೆಲಸಗಾರರೇ ಮಾಲೀಕರಾದ ಕಾರ್ಖಾನೆಗಳಿಗೆ ಹೆಸರುವಾಸಿ. ಅಲ್ಲಿಗೆ ಬಂದ ಪಾದ್ರಿಯೊಬ್ಬರು 1943ರಲ್ಲಿ ಹುಡುಗರಿಗೆ ಒಂದು ತಾಂತ್ರಿಕ ಶಾಲೆ ತೆರೆದರು. ಮೊದಲ ಸಹಕಾರಿ ಕಾರ್ಖಾನೆ ಶುರುವಾಗಿದ್ದು 1956ರಲ್ಲಿ. ನಡುವೆ 13 ವರ್ಷ. ಕಾರ್ಖಾನೆ ಆದ ಮೂರು ವರ್ಷಕ್ಕೆ, 1959ರಲ್ಲಿ, ತಮ್ಮದೇ ಬ್ಯಾಂಕು. ಉಳಿತಾಯ ಆ ಸೀಮೆಯಲ್ಲೇ ತಿರುಗಲಿ ಅಂತ. ನಮ್ಮ ಅಧಿಕಾರಿಗಳು ಮಾರ್ಚ್ 31ರೊಳಗೆ ಫಲ ಕೇಳುವಾಗ ಈ 13 ವರ್ಷ ನನಗೆ ನೆನಪಾಗುತ್ತದೆ.

ನಿಮಗೆ 13 ವರ್ಷ ಬೇಡ, ಆರು ತಿಂಗಳು ಕೊಡಿ. ಮೊದಲ ತಿಂಗಳು ಜೋಳದ ಕಾಳಿನ ಲೆಕ್ಕ, ಓಣಿ ಓಣಿಯಲ್ಲಿ ಬೇರೆ ಬೇರೆಯಾಗಿ ಮಾಡಿ. ಮೇಲಿನ ಓಣಿಯವರ ಮುಂದೆ ಕೆಳಗಿನ ಕೇರಿಯವರು ಬಾಯಿ ಬಿಡುವುದಿಲ್ಲ, ಅದು ನಿಮಗೆ ಗೊತ್ತಿರುವುದೇ. ಆಮೇಲೆ ಎರಡು ಸಂಘ ಆರಿಸಿ, ಪುಸ್ತಕ ಸರಿ ಮಾಡಿ. 15 ಮಂದಿ ವಾರಕ್ಕೆ 50 ಕಟ್ಟಿದರೆ ಒಂದು ವರ್ಷಕ್ಕೆ 39,000 ಆಗುತ್ತದೆ, ಅದರಿಂದ ಒಬ್ಬಿಬ್ಬರ ದುಬಾರಿ ಸಾಲ ತೀರಿಸಬಹುದು. ಈ ನಡುವೆ ರೊಟ್ಟಿ ಮಾಡಲು ಮನಸ್ಸಿರುವ ನಾಲ್ಕು ಜನ ತಮ್ಮ ಹಂಚಿನ ಮೇಲೇ ಮಾಡಿ ಮೂರು ಖಾನಾವಳಿಗೆ ಮೂರು ತಿಂಗಳು ಕಳಿಸಲಿ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಳ್ಳಿ. ಮುಂದೆ ಸಾಮಾನು ಕೊಳ್ಳಬೇಕಾದರೆ ಕಿರು ಆಹಾರ ಉದ್ಯಮಗಳ ಯೋಜನೆಯಲ್ಲಿ ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40,000 ರೂಪಾಯಿ ತನಕ ಮೂಲ ಬಂಡವಾಳ ಸಿಗುವ ದಾರಿ ಇತ್ತು, ಈಗಲೂ ಇದೆಯಾ ಅಂತ ಸಂಜೀವಿನಿ ಒಕ್ಕೂಟದ ಮೂಲಕ ಕೇಳಿ.

ಆ ಸಂಸ್ಥೆಯವರಿಗೆ ಈ ತಿಂಗಳು ಠರಾವು ಕೊಡಬೇಡಿ. ಒಲ್ಲೆವು ಅಂತಲೂ ಅನ್ನಬೇಡಿ. ಒಂದು ಪತ್ರ ಬರೆದು ಕೇಳಿ: ಮಷೀನು ಯಾರ ಹೆಸರಲ್ಲಿ ಇರುತ್ತದೆ, ಅದಕ್ಕೆ ಎಷ್ಟು ಕರೆಂಟು ಬೇಕು, ಕೆಟ್ಟರೆ ಎಷ್ಟು ದಿನದಲ್ಲಿ ಯಾರು ಬಂದು ಸರಿ ಮಾಡುತ್ತಾರೆ, ಮಾಡಿದ ರೊಟ್ಟಿಯನ್ನು ಮೊದಲ ವರ್ಷ ಎಷ್ಟು ರೂಪಾಯಿಗೆ ಯಾರು ಕೊಳ್ಳುತ್ತಾರೆ. ಬಾಯಿ ಮಾತಿನ ಉತ್ತರ ಬೇಡ, ಬರೆದು ಕೊಡಲಿ. ಉತ್ತರ ಬಂದ ಮೇಲೆ ಅದನ್ನು ಸಂಘದ ಸಭೆಯಲ್ಲಿ ಗಟ್ಟಿಯಾಗಿ ಓದಿ, ದಿನಾ ರೊಟ್ಟಿ ಬಡಿಯುವವರು ಏನನ್ನುತ್ತಾರೋ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಠರಾವು ಆಮೇಲೆ ಮಾಡಿದರಾಯಿತು.